ಗುಳ್ಳವ್ವನ ಕಿಲ್ಲೆ

ಆ ವರ್ಷ ಗಂಗೂಬಾಯಿಯ ಮನೆಯಲ್ಲಿ ದೀಪಾವಳಿ ಇರಲಿಲ್ಲ. ಆಷಾಢದಲ್ಲಿ ಕಿರಿಯ ಸೊಸೆ ಅಂಬಾ ಹಿತ್ತಲ ಬಾವಿಗೆ ಬಿದ್ದು ಸತ್ತಿದ್ದಳು. ವರ್ಷ ತುಂಬುವ ತನಕ ಎಣ್ಣೆಯ ಬಾಣಲೆ ಒಲೆ ಏರುವಂತಿಲ್ಲ. ಸದಾಶಿವ ಪೇಠದ ಆ ವಾಡೆಯ ಉಳಿದ ಬಿಡಾರಗಳಿಂದೆಲ್ಲ ಚಕ್ಕುಲಿಯ ವಾಸನೆ ತೇಲಿ ಬರುತ್ತಿದ್ದರೆ, ಈ ಮನೆಯಲ್ಲಿ ಸಾರು, ಅನ್ನ, ಮಜ್ಜಿಗೆ. ಹಾಗೆಂದು ಕಿರಿಯ ಮಗ ಪ್ರಲ್ಹಾದನ ಎರಡನೆಯ ಮದುವೆಯ ಮಾತೇನೂ ನಿಂತಿರಲಿಲ್ಲ. ತುಳಸಿ ಲಗ್ನವಾದ ಮೇಲೆ ಮುಹೂರ್ತ ನೋಡಬಹುದೆಂದು ಭಟ್ಟರು ಯಾವುದೋ ಶಾಸ್ತ್ರದಿಂದ ದಾರಿ ಹುಡುಕಿಕೊಟ್ಟಿದ್ದರು. ಚಕ್ಕುಲಿಗೆ ಮಾತ್ರ ಯಾವ ಶಾಸ್ತ್ರದಲ್ಲೂ ದಾರಿ ಸಿಕ್ಕಿರಲಿಲ್ಲ.

“ಅಜ್ಜಿ, ಚಕ್ಕುಲಿ ಕರದ್ರ ತಪ್ಪು, ಲಗ್ನ ಮಾಡಿದ್ರ ತಪ್ಪಿಲ್ಲೇನು?” ಎಂದು ಕೇಳಿದವಳು ಇಂದೂ, ಹಿರಿಯ ಮಗ ಬಿಂದುಮಾಧವನ ಮಗಳು. ಹದಿನಾಲ್ಕು ತುಂಬಿತ್ತು. ತಾಯಿ ಹೋಗಿ ಆರು ವರ್ಷ. ಅಂಬಾ ಕಾಕೂ ಸತ್ತ ಮರುದಿನವೇ ಅವಳ ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದ್ದರು.

“ಬಾಯಿ ಭಾಳ ಆತು ನಿಂದು,” ಎಂದಳು ಗಂಗೂಬಾಯಿ. “ಈ ಲಗ್ನದಿಂದ ಯಾರಿಗೆ ಸುಖ ಹೇಳು? ನಿನಗ. ಆಕಿ ಬಂದು ಒಲಿ ಹಿಡದ್ಲಂದ್ರ ನೀ ಮತ್ತ ಸಾಲಿಗೆ ಹೋಗಬಹುದು. ನಿಮ್ಮಪ್ಪಗ ನಾ ಹೇಳ್ತೀನಿ.”

ಶಾಲೆಯ ಹೆಸರು ಬಂದರೆ ಇಂದೂಳ ಬಾಯಿ ತಾನಾಗಿ ಮುಚ್ಚುತ್ತಿತ್ತು. ಪಾಟಿಚೀಲವನ್ನು ಅವಳು ಇನ್ನೂ ಗೂಟಕ್ಕೆ ನೇತುಹಾಕಿಯೇ ಇಟ್ಟಿದ್ದಳು.

ಅವರು ಮೂಲ ಧಾರವಾಡದ ಕಡೆಯವರು. ಅಜ್ಜ ನೌಕರಿಗೆಂದು ಪುಣೆಗೆ ಬಂದು, ವಾಡೆಯ ಹಿಂಭಾಗದ ನಾಲ್ಕು ಕೋಣೆ ಹಿಡಿದು, ಅಲ್ಲೇ ತೀರಿಕೊಂಡಿದ್ದರು. ಬಿಂದುಮಾಧವ ಅಂಚೆ ಕಚೇರಿಯಲ್ಲಿ, ಪ್ರಲ್ಹಾದ ಒಬ್ಬ ವಕೀಲರ ಕೈಕೆಳಗೆ. ಹಿತ್ತಲ ಬಾಗಿಲಿನಿಂದ ಬಾವಿಗೆ ಏಳು ಹಾಸುಗಲ್ಲು. ಕಾತ್ರಜದ ಕೆರೆಯ ನೀರು ನೆಲದೊಳಗಿನ ಕಾಲುವೆಯಿಂದ ಆ ಬಾವಿಗೆ ಬರುತ್ತದೆಂದು ವಾಡೆಯವರು ಹೇಳುತ್ತಿದ್ದರು. ಗದ್ದಲವಿಲ್ಲದ ಹೊತ್ತಿನಲ್ಲಿ ಕಲ್ಲಿನ ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಯಾರೋ ಸೆರಗು ಎಳೆದುಕೊಂಡು ನಡೆದಂತೆ ಇರುತ್ತಿತ್ತು ಆ ಸದ್ದು.

ಇನ್ನೊಂದು ಸದ್ದೂ ಇತ್ತು. ಆಷಾಢದಿಂದ ಈಚೆಗೆ, ದೀಪ ಹಚ್ಚಿ ಗಂಡಸರು ಊಟಕ್ಕೆ ಕೂತ ಹೊತ್ತಿಗೆ, ಹಿತ್ತಲ ಬಾಗಿಲು ಆಗಾಗ ಮೂರು ಸಲ ಬಡಿದುಕೊಳ್ಳುತ್ತಿತ್ತು. “ಹೆಗ್ಗಣ,” ಎನ್ನುತ್ತಿದ್ದ ಬಿಂದುಮಾಧವ. “ಗಾಳಿ,” ಎನ್ನುತ್ತಿದ್ದಳು ಗಂಗೂಬಾಯಿ. ಪ್ರಲ್ಹಾದ ಬೇಗ ಬೇಗ ಉಣ್ಣುತ್ತಿದ್ದ. ಎದ್ದು ಹೋಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಪುಣೆಯ ಮಕ್ಕಳಿಗೆ ದೀಪಾವಳಿ ಎಂದರೆ ಕಿಲ್ಲೆ. ಕಲ್ಲು, ಕೆಮ್ಮಣ್ಣು, ಹರಕು ಗೋಣಿ ಸೇರಿಸಿ ಅಂಗಳದಲ್ಲಿ ಕೋಟೆ ಕಟ್ಟಿ, ಸಾಸಿವೆ ಚೆಲ್ಲಿ ಹಸಿರು ಬರಿಸಿ, ತುದಿಯಲ್ಲಿ ಸಿಂಹಾಸನವಿಟ್ಟು ಮಹಾರಾಜರ ಬೊಂಬೆ ಕೂರಿಸುತ್ತಾರೆ. ಇಂದೂಳ ಅಣ್ಣ ಅವಧೂತನಿಗೆ ಹದಿನಾರು. ಅವನ ಕೈಗೆ ಮಣ್ಣು ಸಿಕ್ಕರೆ ಪೇಠದ ಹುಡುಗರೆಲ್ಲ ಸುತ್ತ ನಿಲ್ಲುತ್ತಿದ್ದರು. ಧನತ್ರಯೋದಶಿಯ ದಿನ ಅವನು ಬುಟ್ಟಿ ಹಿಡಿದು ಹೊರಟಾಗ ಗಂಗೂಬಾಯಿ ತಡೆದಳು.

“ಹಬ್ಬಿಲ್ಲ ಅಂದ ಮ್ಯಾಲ ಕಿಲ್ಲೆ ಯಾಕೋ?”

“ಮಣ್ಣಿಗೂ ಸೂತಕ ಅದ ಏನಜ್ಜಿ?”

“ಮುಂದಿನ ಅಂಗಳದಾಗ ಬ್ಯಾಡ. ನಾಲ್ಕು ಮಂದಿ ನೋಡ್ತಾರ. ಹಿತ್ತಲದಾಗ ಏನರೆ ಮಾಡ್ಕೋರಿ.”

ಅಣ್ಣತಂಗಿ ಇಬ್ಬರೂ ಮುಂಜಾನೆಯಿಂದ ಸಂಜೆಯ ತನಕ ಹಿತ್ತಲಲ್ಲಿ ಕೂತು ಕಟ್ಟಿದರು. ಇಂದೂ ನಡುವೆ ಎದ್ದು ಅನ್ನ ಬಸಿದು ಬಂದಳು. ಕಟ್ಟಿ ಮುಗಿದ ಮೇಲೆ ನೋಡಿದರೆ ಅದರಲ್ಲಿ ಬುರುಜು ಇಲ್ಲ, ಫಿರಂಗಿ ಇಲ್ಲ, ಸಿಂಹಾಸನ ಇಲ್ಲ. ನಾಲ್ಕು ಕೋಣೆ, ಅದರಲ್ಲೊಂದು ಅಡುಗೆಮನೆ, ಮೇಲೆ ಗೋಣಿಯ ಮಾಡು. ಹಿಂದೆ ಬೆಂಕಿಪೆಟ್ಟಿಗೆಯ ರಟ್ಟಿನ ಬಾಗಿಲು, ಅದಕ್ಕೆ ಒಳಗಿನಿಂದ ಕಡ್ಡಿಯ ಅಗಳಿ. ಬಾಗಿಲಾಚೆ ಹಾಸುಗಲ್ಲಿನ ಹಾಗೆ ಏಳು ಹೆಂಚಿನ ಚೂರು. ಕೊನೆಗೆ ಮಣ್ಣಿನಲ್ಲಿ ಹುಗಿದ ಹಿತ್ತಾಳೆಯ ಬಟ್ಟಲು, ಅದರ ತುಂಬ ನೀರು.

ಆಮೇಲೆ ಇಂದೂ ಅಟ್ಟದಿಂದ ಒಂದು ಬಟ್ಟೆಯ ಗಂಟು ತಂದಳು. ಒಳಗೆ ಗುಳ್ಳವ್ವ.

ಧಾರವಾಡದ ಕಡೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಕಣ್ಣಿಗೆ ಗುಲಗಂಜಿ ಒತ್ತಿ, ಆರತಿ ಬೆಳಗಿ, ಮರುದಿನ ನೀರಿಗೆ ಬಿಡುತ್ತಾರೆ. ಪುಣೆಯಲ್ಲಿ ಅದನ್ನು ಬಲ್ಲವರು ಕಡಿಮೆ. ಅಂಬಾ ಮಾತ್ರ ಪ್ರತಿ ವರ್ಷ ತಪ್ಪದೆ ಇಂದೂಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುತ್ತಿದ್ದಳು. ಈ ವರ್ಷ ಕೊನೆಯ ಮಂಗಳವಾರ ಮಾಡಿದ ಗುಳ್ಳವ್ವ ನೀರು ಕಾಣಲೇ ಇಲ್ಲ. ಗುಳ್ಳವ್ವ ನೀರಿಗೆ ಹೋಗಬೇಕಾಗಿದ್ದ ದಿನ ಅಂಬಾ ಹೋಗಿದ್ದಳು.

ಒಣಗಿದ ಗೊಂಬೆಯ ಕುತ್ತಿಗೆಯ ಸುತ್ತ ಸೀಳು ಬಿದ್ದಿತ್ತು. ಕೆಂಪು ಕಪ್ಪು ಕಣ್ಣುಗಳು ಮಾತ್ರ ನಿನ್ನೆ ಒತ್ತಿದಂತೆ ಹೊಳೆಯುತ್ತಿದ್ದವು. ಇಂದೂ ಅದನ್ನು ಕಿಲ್ಲೆಯ ಹಿಂಬಾಗಿಲ ಹೊರಗೆ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದಳು. ನೋಡಲು ಬಂದ ವಾಡೆಯ ಮಕ್ಕಳು ಮರಾಠಿಯಲ್ಲಿ, “ಇವಳ್ಯಾರು? ಮಹಾರಾಜರೆಲ್ಲಿ?” ಎಂದು ಕೇಳಿ ಹೋದರು.

ಸಂಜೆ ಕಾಲು ತೊಳೆಯಲು ಬಂದ ಪ್ರಲ್ಹಾದ ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟ.

“ಇದೇನಿದು? ಯಾರು ಮಾಡಿದ್ದು?”

“ಕಿಲ್ಲೆ, ಕಾಕಾ,” ಎಂದ ಅವಧೂತ.

“ಕೆಡವು ಅದನ್ನ!”

“ನೀವೇ ಕೆಡವ್ರಿ.”

ಪ್ರಲ್ಹಾದ ಕಾಲೆತ್ತಿದ. ಬಾಗಿಲಲ್ಲಿ ನಿಂತಿದ್ದ ಗಂಗೂಬಾಯಿ ಕೂಗಿದಳು: “ಗುಳ್ಳವ್ವನ್ನ ಒದೀತಿ ಏನೋ? ನೀರಿಗೆ ಬಿಡದ ಗುಳ್ಳವ್ವ ಅದು!” ಎತ್ತಿದ ಕಾಲು ಅಲ್ಲೇ ಇಳಿಯಿತು. ಅವನು ಕಾಲು ತೊಳೆಯದೆಯೇ ಒಳಗೆ ಹೋದ. ಮಗ ಹೋದ ಮೇಲೂ ಗಂಗೂಬಾಯಿ ಬಹಳ ಹೊತ್ತು ಅಲ್ಲೇ ನಿಂತು ಬಾಗಿಲ ಸಂದಿಯಲ್ಲಿ ಕಾಣುವ ಆ ಪುಟ್ಟ ಅಗಳಿಯನ್ನು ನೋಡಿದಳು.

ಮರುದಿನ ಬೆಳಿಗ್ಗೆ ಗುಳ್ಳವ್ವ ಬಾಗಿಲ ಬಳಿ ಇರಲಿಲ್ಲ. ಕಿಲ್ಲೆಯ ಮೊದಲನೆಯ ಕಲ್ಲಿನ ಮೇಲೆ, ಬಾವಿಗೆ ಮುಖ ಮಾಡಿ ನಿಂತಿತ್ತು.

“ನೀ ಸರಿಸಿದೇನು?” ಎಂದು ಇಂದೂ ಅಣ್ಣನನ್ನು ಕೇಳಿದಳು.

“ನಾ ಯಾಕ ಸರಿಸಲಿ? ನೀನೇ ಇರಬೇಕು.”

ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅದು ಎರಡನೆಯ ಕಲ್ಲಿನ ಮೇಲಿತ್ತು. ಪಾಡ್ಯದ ಬೆಳಿಗ್ಗೆ ಮತ್ತೆ ಬಾಗಿಲಿಗೆ ಬಂದಿತ್ತು, ಬಾಗಿಲಿಗೆ ಒತ್ತಿಕೊಂಡು ನಿಂತಿತ್ತು. ಅದರ ಮರುದಿನ ಮೂರನೆಯ ಕಲ್ಲು. ಹೀಗೆ ಮುಂದೆ ಹೋಗುವುದು, ಹಿಂದೆ ಬರುವುದು. ಹಿಂದೆ ಬಂದ ಪ್ರತಿ ಸಲ ಮರುದಿನ ಇನ್ನೊಂದು ಕಲ್ಲು ಹೆಚ್ಚು ದಾಟಿರುತ್ತಿತ್ತು. ಸಾಸಿವೆ ಮೊಳೆತು ಕಿಲ್ಲೆಯೆಲ್ಲ ಹಸಿರಾಯಿತು. ಬಾಗಿಲಿನಿಂದ ಬಟ್ಟಲಿನ ತನಕ ಮಾತ್ರ ಒಂದು ಗೆರೆ ಬರಡಾಗಿಯೇ ಉಳಿಯಿತು. ಅಲ್ಲಿಯೂ ಬೀಜ ಚೆಲ್ಲಿದ್ದು ಇಂದೂಗೆ ಚೆನ್ನಾಗಿ ನೆನಪಿತ್ತು.

ಅವಧೂತ ಒಲೆಯ ಬೂದಿ ಸೋಸಿ ಕಿಲ್ಲೆಯ ಸುತ್ತ ಹರವಿದ. “ಬಂದವರ ಹೆಜ್ಜಿ ಮೂಡಬೇಕಲ್ಲ?” ಬೆಳಿಗ್ಗೆ ನೋಡಿದರೆ ಬೂದಿ ನುಣ್ಣಗೆ ಇತ್ತು, ಒಂದು ಗೀರು ಸಹ ಇಲ್ಲ. ಗುಳ್ಳವ್ವ ಐದನೆಯ ಕಲ್ಲಿನ ಮೇಲೆ. ಆ ದಿನದಿಂದ ಅವಧೂತನಿಗೂ ಅಂಜಿಕೆ ಹತ್ತಿತು. ಹಿತ್ತಲಿಗೆ ಹೋಗುವಾಗ ತಂಗಿಯನ್ನು ಕರೆಯತೊಡಗಿದ, ಹದಿನಾರರ ಗಂಡುಹುಡುಗ.

“ಕಟ್ಟಬಾರದಿತ್ತೇನೋ, ಇಂದೂ.”

“ಕಟ್ಟಿದ್ದು ಯಾಕ ಹೇಳು? ಬಾಯಿಲೆ ಹೇಳಲಿಕ್ಕೆ ಆಗಲಿಲ್ಲ ಅಂತ.”

ಬಾಯಿಯಿಂದ ಹೇಳಲಾಗದ್ದು ಇಷ್ಟು. ಆ ಮಂಗಳವಾರ ಸಂಜೆ ಊಟಕ್ಕೆ ಬಡಿಸುತ್ತ ಅಂಬಾ, “ಶ್ರಾವಣಕ್ಕರೆ ತವರಿಗೆ ಕಳಿಸ್ರಿ, ಮೂರು ವರ್ಷಾತು,” ಅಂದಿದ್ದಳು. ಪ್ರಲ್ಹಾದ ಆಗುವುದಿಲ್ಲವೆಂದ. ಭಾವನ ಎದುರಿಗೇ ಅವಳು ಮರುಮಾತು ಆಡಿದಳು. ಅವನು ರಟ್ಟೆ ಹಿಡಿದು ಹಿತ್ತಲಿಗೆ ನೂಕಿ ಅಗಳಿ ಹಾಕಿದ. “ಮಳ್ಯಾಗ ನಿಂತ್ರ ತಲಿ ತಣ್ಣಗಾಗ್ತದ.” ಮಳೆ ಸುರಿಯುತ್ತಿತ್ತು. ಅವಳು ಮೂರು ಸಲ ಬಾಗಿಲು ಬಡಿದಳು. ಸ್ವಲ್ಪ ತಡೆದು ಮತ್ತೆ ಮೂರು ಸಲ. ಎಲ್ಲರೂ ಹಾಸಿಗೆ ಸೇರಿದ ಮೇಲೂ ಬಡಿಯುತ್ತಲೇ ಇದ್ದಳು. ಬಿಂದುಮಾಧವ ಅವ್ವ ತೆಗೆದಾಳು ಎಂದುಕೊಂಡ. ಗಂಗೂಬಾಯಿ ಮಗ ತೆಗೆದಾನು ಎಂದುಕೊಂಡಳು. ಅವಧೂತ ಗೋಡೆಯ ಕಡೆ ಹೊರಳಿದ, ಇಂದೂ ಚಾದರ ತಲೆಯ ಮೇಲೆ ಎಳೆದುಕೊಂಡಳು. ಸದ್ದು ನಿಂತಾಗ ಎಲ್ಲರಿಗೂ ನಿದ್ದೆ ಬಂತು. ಬೆಳಿಗ್ಗೆ ಬಂದ ಪೊಲೀಸನಿಗೆ ಮನೆಯವರೆಲ್ಲ ಒಂದೇ ಮಾತು ಹೇಳಿದರು: ನಸುಕಿನಲ್ಲಿ ನೀರಿಗೆ ಹೋದವಳು ಕಾಲು ಜಾರಿ ಬಿದ್ದಳು. ಇಂದೂ ಕೂಡ ಹೂಂ ಎಂದಿದ್ದಳು. ಮನೆಯ ನಾಲ್ಕೂ ಕೊಡ ಅಡುಗೆಮನೆಯಲ್ಲಿ ಸಾಲಾಗಿ ಕೂತಿದ್ದವು. ಪೊಲೀಸ ಅವುಗಳತ್ತ ನೋಡಲೇ ಇಲ್ಲ.

ಕಾರ್ತಿಕದ ದಶಮಿಯ ದಿನ ಬೆಳಗಾವಿಯಿಂದ, ಪ್ರಲ್ಹಾದನಿಗೆ ನೋಡಿದ್ದ ಹುಡುಗಿಯ ತಂದೆ ಮಾರ್ತಾಂಡರಾಯರು ಬಂದರು. ಶಾಲೆಯ ಮಾಸ್ತರು. ತೇಪೆ ಹಾಕಿದ ಕೋಟು, ಕೈಯಲ್ಲಿ ಕೊಡೆ, ಬಗಲಲ್ಲಿ ಒಂದು ಡಬ್ಬಿ ಕುಂದಾ. ಹುಡುಗಿಗೆ ಹದಿನೈದು. ಗಂಗೂಬಾಯಿ ಅಂದು ಮುಂಜಾನೆಯಿಂದಲೇ ಇಂದೂಗೆ ತಾಕೀತು ಮಾಡಿದ್ದಳು: “ಹಿತ್ತಲ ಬಾಗಲಾ ಹಾಕಿರು. ಅವರು ಕೇಳಿದ್ದಕ್ಕಷ್ಟ ಹೌದ್ರಿ, ಇಲ್ರಿ ಅನ್ನು.”

ರಾಯರು ಬಂದವರೇ, “ಕಾಲಿಗೆ ನೀರು ಎಲ್ಲೆ?” ಎಂದು ಕೇಳಿ, ಯಾರೂ ತಂಬಿಗೆ ತರುವ ಮೊದಲೇ ನೆಟ್ಟಗೆ ಹಿತ್ತಲ ಬಾಗಿಲು ತೆಗೆದು ನಡೆದರು. ಹಿಂದಿನಿಂದ ಮನೆಯವರೆಲ್ಲ ಓಡಿದರು. ಗುಳ್ಳವ್ವ ಏಳನೆಯ ಕಲ್ಲಿನ ತುದಿಯಲ್ಲಿತ್ತು. ಬಟ್ಟಲಿನ ನೀರಿನೊಳಗೆ ಅದರ ಮುಖ ಕಾಣುತ್ತಿತ್ತು.

ಮಾರ್ತಾಂಡರಾಯರು ಮೊದಲು ನಕ್ಕರು. “ಅಯ್ಯ, ನಮ್ಮ ಗುಳ್ಳವ್ವ! ಪುಣೇದಾಗ ಗುಳ್ಳವ್ವನ್ನ ನೋಡ್ತೀನಿ ಅಂತ ಅಂದ್ಕೊಂಡಿರಲಿಲ್ಲ. ಆದ್ರ ಕಾರ್ತೀಕದಾಗ ಯಾಕ ಇನ್ನೂ ಇಟ್ಟೀರಿ? ಆಷಾಢದಾಗ ನೀರಿಗೆ ಬಿಡಲಿಲ್ಲೇನು?”

“ಮಕ್ಕಳ ಆಟ ಅದು. ಬರ್ರಿ ರಾಯರ, ಚಹಾ ಆರ್ತದ,” ಎಂದ ಬಿಂದುಮಾಧವ.

ಮಾಸ್ತರಿಕೆ ಮಾಡಿದವರ ಕಣ್ಣು ಬೇರೆ. ಮಕ್ಕಳು ಬರೆದದ್ದನ್ನು ಓದಿ ಓದಿ ಅವರಿಗೆ ಅಭ್ಯಾಸ. ರಾಯರು ಕೂತು ಕಿಲ್ಲೆಯನ್ನು ನೋಡಿದರು. ತಲೆಯೆತ್ತಿ ಮನೆಯನ್ನು ನೋಡಿದರು. ಮತ್ತೆ ಕಿಲ್ಲೆಯನ್ನು ನೋಡಿದರು. ಬೆರಳಿನಿಂದ ಪುಟ್ಟ ಬಾಗಿಲನ್ನು ದೂಡಿದರು. ಅದು ತೆರೆಯಲಿಲ್ಲ.

“ನಿಮ್ಮ ಸೊಸಿ ನೀರಿಗೆ ಹೋದಾಗ ಕಾಲು ಜಾರಿದ್ದು ಅಂತ ಪತ್ರದಾಗ ಬರದಿದ್ರಿ,” ಎಂದರು ಮೆಲ್ಲಗೆ. “ಇಕಿ ಕೈಯಾಗ ಕೊಡಾ ಇಲ್ಲಲ್ಲ?”

ಕಲ್ಲಿನ ಕೆಳಗೆ ನೀರು ಸೆರಗೆಳೆದುಕೊಂಡು ಹೋಗುವುದು ಕೇಳಿಸಿತು.

“ತಂಗಿ, ಕಟ್ಟಿದಾಕಿ ನೀನಽ ಹೌದಲ್ಲ? ಕೊಡಾ ಎಲ್ಲೆ ಅದ ಹೇಳವಾ.”

“ಇಂದೂ, ಒಳಗ ಹೋಗು,” ಎಂದ ಅಪ್ಪ.

ಇಂದೂಗೆ ಗೂಟದ ಮೇಲಿನ ಪಾಟಿಚೀಲ ಕಣ್ಣಿಗೆ ಕಟ್ಟಿತು. ಒಂದು ಸುಳ್ಳು ಹೇಳಿದರೆ ಸಾಕು, ತುಳಸಿ ಲಗ್ನ ಕಳೆದು ಅವಳು ಬೆಂಚಿನ ಮೇಲೆ ಕೂತಿರುತ್ತಾಳೆ. ತನಗಿಂತ ಒಂದು ವರ್ಷ ದೊಡ್ಡವಳಾದ ಯಾವುದೋ ಹುಡುಗಿ ಈ ಒಲೆಯ ಮುಂದೆ ಇರುತ್ತಾಳೆ, ಈ ಬಾಗಿಲಿನ ಒಳಗೋ ಹೊರಗೋ. ಅವಳಿಗೆ ಅಳು ಬಂತು, ತನ್ನ ಶಾಲೆಗಾಗಿಯೇ ಬಂತು. ಅಳುತ್ತಲೇ ಹೇಳಿದಳು:

“ಕೊಡಾ ಒಳಗಽ ಇತ್ರಿ. ನಾಲ್ಕೂ ಕೊಡಾ ಒಳಗ ಇದ್ದವು. ಬಾಗಲಾನೂ ಒಳಗಿಂದನಽ ಹಾಕಿತ್ತು. ಕಾಕೂ ಬಡದ್ಲು. ನಾ ಏಳಲಿಲ್ಲ.”

“ಇಂದೂ!” ಎಂದು ಪ್ರಲ್ಹಾದ ಕೈಯೆತ್ತಿ ಮುಂದೆ ಬಂದ. ಅವಧೂತ ನಡುವೆ ನಿಂತ. ಅಷ್ಟರಲ್ಲಿ ಗಂಗೂಬಾಯಿ ಹಾಸುಗಲ್ಲಿನ ಮೇಲೆ ಕುಸಿದು ಕೂತಳು.

“ಹುಡುಗೀನ್ನ ಹೊಡೀಬ್ಯಾಡ,” ಎಂದಳು. “ರಾಯರ, ನಾನೂ ಕೇಳಿದ್ದೆ. ಬಾಗಲದಿಂದ ನನ್ನ ಹಾಸಿಗಿಗೆ ನಾಲ್ಕು ಹೆಜ್ಜಿ. ನಿಮ್ಮ ಮಗಳನ್ನ ಕೊಡಬ್ಯಾಡ್ರಿ.”

ಮಾರ್ತಾಂಡರಾಯರು ಕಾಲು ತೊಳೆಯಲಿಲ್ಲ. ಒಳಗೆ ಹೋಗಿ ಕೊಡೆ, ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಮರಳಿದರು. ಹೊರಡುವಾಗ ಕುಂದಾದ ಡಬ್ಬಿಯನ್ನು ಇಂದೂಳ ಕೈಗಿಟ್ಟು, ತಲೆಯ ಮೇಲೆ ಕೈಯಿಟ್ಟು, ಹೊರಟುಹೋದರು.

ಮನೆಯ ಐವರೂ ಹಿತ್ತಲಲ್ಲೇ ಉಳಿದರು. ಗಂಗೂಬಾಯಿ ಮೊಮ್ಮಕ್ಕಳ ಕಡೆ ತಿರುಗಿದಳು. “ನಸುಕಿನ್ಯಾಗ ಗುಳ್ಳವ್ವನ್ನ ಬಾವಿ ಕಡೆ ಇಡ್ತಿದ್ದಾಕಿ ನಾನು. ನೀವು ಬಾಗಲ ಮುಂದ ನಿಲ್ಲಿಸಿ ಬಿಟ್ಟಿದ್ರಿ. ಮುಂದಿಂದು ಯಾರರೆ ಹೇಳಬೇಕಲ್ಲ?”

“ಬೂದಿ ಹರವಿದ್ವಲ್ಲ ಅಜ್ಜಿ, ಹೆಜ್ಜಿ ಮೂಡಿರಲಿಲ್ಲ,” ಎಂದ ಅವಧೂತ.

“ಐವತ್ತು ವರ್ಷ ಒಲಿ ಬೂದಿ ಬಳದೀನಿ. ನುಣ್ಣಗ ಮಾಡೂದು ನೀ ನನಗ ಕಲಸ್ತಿ ಏನು? ಆದ್ರ ನೀವ್ಯಾಕ ಹಿಂದಕ್ಕ ಇಡ್ತಿದ್ರಿ?”

“ನಾವು ಮುಟ್ಟಽ ಇಲ್ಲ!”

ಬಿಂದುಮಾಧವನೂ ಇಲ್ಲವೆಂದು ತಲೆಯಾಡಿಸಿದ. ಆಗ ಎಲ್ಲರೂ ಪ್ರಲ್ಹಾದನತ್ತ ನೋಡಿದರು. ಅವನು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ. ಉಗುರುಗಳ ಸಂದಿಯಲ್ಲಿ ಕೆಮ್ಮಣ್ಣು ಇತ್ತು.

“ಒಳಗ ಕರಕೋಬೇಕಂತ ಮಾಡಿದ್ದೆ,” ಎಂದ. “ಬಾಗಲಾ ಸಣ್ಣದದ. ಅಗಳಿ ತನಕಾ ಬಟ್ಟು ಹೋಗಲಿಲ್ಲ.”

ಇಂದೂಗೆ ಅವನ ಮೇಲೆ ಕನಿಕರ ಬರಲಿಲ್ಲ. ದೊಡ್ಡ ಬಾಗಿಲಿನ ಅಗಳಿ ಇವನ ಕೈಗೆ ಸರಿಯಾಗಿಯೇ ಸಿಕ್ಕುತ್ತಿತ್ತಲ್ಲ, ಅಂದು ಯಾಕೆ ಹೋಗಲಿಲ್ಲ ಕೈ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ತನ್ನ ಪಾಲೂ ಇದೆಯೆಂದು ಅವಳಿಗೆ ಗೊತ್ತಿತ್ತು. ಗುಳ್ಳವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಜವಾದ ಏಳು ಕಲ್ಲುಗಳನ್ನು ದಾಟಿ, ಬಾವಿಗೆ ಬಿಟ್ಟಳು. ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿತು. ಅವಧೂತ ಕಿಲ್ಲೆಯನ್ನು ಕೆಡವಿ ಮಣ್ಣು ಮೂಲೆಗೆ ಹಾಕಿದ.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಇಂದೂ ಎಂದಿನಂತೆ ಮೂರು ತಾಟು ಹಾಕಿದಳು. ಸಾರು, ಅನ್ನ, ಗಜ್ಜರಿ ಪಲ್ಯ. ನಾಳೆಯೂ ಅವಳೇ ಬಡಿಸಬೇಕು, ನಾಡಿದ್ದೂ. ಪಾಟಿಚೀಲವನ್ನು ಗೂಟದಿಂದ ಇಳಿಸಿ ಅಟ್ಟಕ್ಕೆ ಹಾಕಿ ಬಂದಿದ್ದಳು. ಅಪ್ಪ, ಕಾಕಾ, ಅಣ್ಣ ಸಾಲಾಗಿ ಮಣೆಗಳ ಮೇಲೆ ಕೂತರು. ಅಜ್ಜಿ ಗೋಡೆಗೆ ಒರಗಿ ಜಪಸರ ಹಿಡಿದಿದ್ದಳು. ಹಿತ್ತಲ ಬಾಗಿಲಿಗೆ ಅವಧೂತ ರೂಢಿಯಂತೆ ಅಗಳಿ ಹಾಕಿದ್ದ.

ಮೊದಲ ತುತ್ತಿಗೇ ಬಾಗಿಲು ಬಡಿಯಿತು. ಮೂರು ಸಲ.

ಬಿಂದುಮಾಧವ ಹೆಗ್ಗಣ ಎನ್ನಲಿಲ್ಲ. ಗಂಗೂಬಾಯಿ ಗಾಳಿ ಎನ್ನಲಿಲ್ಲ. ಪ್ರಲ್ಹಾದನ ಕೈ ಅನ್ನದಲ್ಲೇ ನಿಂತಿತು. ಸ್ವಲ್ಪ ತಡೆದು ಮತ್ತೆ ಮೂರು ಸಲ.

ಇಂದೂ ಸಾರಿನ ಪಾತ್ರೆ ಕೆಳಗಿಟ್ಟಳು. ಎದ್ದು ಹೋಗಿ ಅಗಳಿ ಸರಿಸಿ, ಬಾಗಿಲನ್ನು ಎರಡೂ ಕಡೆಗೆ ಪೂರ್ತಿ ತೆರೆದಳು. ಯಾರೂ ಇರಲಿಲ್ಲ. ಆಕಾಶ ಶುಭ್ರವಾಗಿತ್ತು, ಹಿತ್ತಲು ಒಣಗಿತ್ತು. ಬಾಗಿಲಿನ ಎದುರಿನ ಮೊದಲ ಕಲ್ಲು ಮಾತ್ರ ನೀರು ಸುರಿದಂತೆ ಒದ್ದೆಯಾಗಿತ್ತು.

“ಬಾ ಕಾಕೂ,” ಎಂದಳು ಇಂದೂ. “ಒಳಗ ಬಾ.”

ಜಪಸರದ ಸದ್ದು ನಿಂತಿತ್ತು. “ಇನ್ನೊಂದು ತಾಟು ಹಾಕು,” ಎಂದಳು ಗಂಗೂಬಾಯಿ.

ಇಂದೂ ತಾಟು ತಂದಳು. ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಳು. ಪ್ರಲ್ಹಾದ ತಲೆಯೆತ್ತಲಿಲ್ಲ. ಎಡಗೈ ನೆಲಕ್ಕೂರಿ ತನ್ನ ಮಣೆಯನ್ನು ಗೋಡೆಯ ಕಡೆಗೆ ಸರಿಸಿಕೊಂಡು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ. ಇಂದೂ ಅಲ್ಲಿ ತಾಟು ಇಟ್ಟು ಅನ್ನ ಬಡಿಸಿದಳು.